ಹತ್ತು ಗುಂಡಿಯ ಕೋಟು

ನಮ್ಮೂರ ಪುರಸಭೆ ಅಧ್ಯಕ್ಷ ಪಾಶ್ಕ್ ವುಕ್ಸಾನಿಯವರ ಕೋಟಿಗೆ ಹತ್ತು ಗುಂಡಿ, ಕುತ್ತಿಗೆಯಿಂದ ಹೊಟ್ಟೆಯವರೆಗೆ ಇರುವೆ ಸಾಲಿನ ಹಾಗೆ. ಕಮ್ಯುನಿಸ್ಟರು ನಮ್ಮ ಅಲ್ಬೇನಿಯಾದಲ್ಲಿ ದೇವರನ್ನೇ ನಿಷೇಧಿಸಿದ್ದಾಗ ಮನೆಯಲ್ಲಿ ಜಪಮಾಲೆ ಸಿಕ್ಕರೆ ಜೈಲು. ಹಾಗಾಗಿ ಇವರು ಕೋಟನ್ನೇ ಜಪಮಾಲೆ ಮಾಡಿಕೊಂಡರು, ಗುಂಡಿಗೊಂದು ಯೇಸುವಿನ ತಾಯಿ ಮರಿಯಮ್ಮನ ಜಪ. ಈಗ ಆ ಸರ್ಕಾರ ಹೋಗಿದೆ, ಚರ್ಚಿನ ಗಂಟೆ ಬಾರಿಸಬಹುದು, ಗಂಟಲು ಬಿಚ್ಚಿ ಹಾಡಬಹುದು, ಆದರೂ ಇವರ ಬೆರಳು ಗುಂಡಿ ಬಿಡದು. ಚರಂಡಿಯಾಗಲಿ, ಬೀದಿದೀಪವಾಗಲಿ, ಯಾವ ಅರ್ಜಿ ಬಂದರೂ ಮೊದಲು ಒಂದು ಸುತ್ತು ಜಪ, ಆಮೇಲೆ ರುಜು. "ತಡಿಯಪ್ಪ, ಇನ್ನೂ ಆರನೇ ಗುಂಡೀಲಿದಾರೆ, ಬಾಯಿ ಹಾಕ್ಬೇಡ" ಎಂದು ಜನರನ್ನು ತಡೆಯುವುದೇ ಗುಮಾಸ್ತನಾದ ನನಗೆ ದಿನವಿಡೀ ಕೆಲಸ. ಸಾಲು ಮೆಟ್ಟಿಲಿಳಿದು ಬೀದಿಗೆ ಬಂದರೂ ಯಾರೂ ಬೈಯುವುದಿಲ್ಲ, ಹತ್ತನೇ ಗುಂಡಿ ಮುಟ್ಟಿದ ಅರ್ಜಿ ಒಂದೂ ಮೂಲೆ ಸೇರಿದ್ದಿಲ್ಲ. ಊರಿಗೆಲ್ಲ ಒದಗುವ ಈ ಜಪ ಮಗಳು ತೇವುತಾಳಿಗೆ ಮಾತ್ರ ದಕ್ಕಲಿಲ್ಲ. ಚಿಕ್ಕವಳಿದ್ದಾಗ ಅವಳೊಮ್ಮೆ "ಇಷ್ಟೊಂದು ಗುಂಡಿ ಯಾಕಪ್ಪಾ?" ಎಂದು ಕೇಳಿದ್ದಳು. ಮನೆಯಲ್ಲಿ ಯಾರು ಪ್ರಾರ್ಥಿಸುತ್ತಾರೆಂದು ಮೇಷ್ಟ್ರುಗಳೇ ಮಕ್ಕಳ ಬಾಯಿ ಬಿಡಿಸುತ್ತಿದ್ದ ಕಾಲ; ಇವರು ಹೆದರಿ, "ಚಳಿಗೆ ಕಣಮ್ಮ" ಎಂದುಬಿಟ್ಟರು. ಅವಳು ನಂಬಿದಳು, ದೇವರಿಲ್ಲದೆಯೇ ದೊಡ್ಡವಳಾದಳು. ಈಗ ಭಾನುವಾರ ಇವರು "ನೀನೂ ಬಾರಮ್ಮ" ಎಂದು ಕರೆದರೆ, ಚರ್ಚಿನ ಬಾಗಿಲವರೆಗೆ ಬಂದು, ಇವರ ಕೋಟಿನ ಹತ್ತೂ ಗುಂಡಿಗಳನ್ನು ಅಕ್ಕರೆಯಿಂದ ಒಂದೊಂದಾಗಿ ಹಾಕಿ, "ಒಳಗೆ ಚಳಿ ಇರತ್ತೆ, ಹುಷಾರಪ್ಪ" ಎಂದು ಮನೆಗೆ ಹಿಂದಿರುಗುತ್ತಾಳೆ.