ಹಿಂದಿನ ಸಾಲಿಗೆ ಹೋದ ಬ್ಲಾಕು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಬ್ಲಾಕಕ್ಕ ಎಂದೇ ಕರೆಯುತ್ತಿದ್ದರು. ರೋಗಿಯ ಮೈಯಿಂದ ತೆಗೆದ ಮಾಂಸದ ಚೂರನ್ನು ಲ್ಯಾಬಿನವರು ಮೇಣದಲ್ಲಿ ಹುದುಗಿಸಿಡುತ್ತಾರೆ. ಆ ಪುಟ್ಟ ಮೇಣದ ತುಂಡೇ ಬ್ಲಾಕು. ಅದರ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ನಂಬರು ಹೇಳಿ ಮುಗಿಸುವಷ್ಟರಲ್ಲಿ ಬ್ಲಾಕಕ್ಕ ಸರಿಯಾದ ಡ್ರಾಯರು ಎಳೆದಿರುತ್ತಿದ್ದಳು. ಎಂಥ ದೊಡ್ಡ ಡಾಕ್ಟರಾದರೂ ಬಾಗಿಲಲ್ಲೇ ನಿಂತು ಕೇಳಬೇಕು. ಒಳಗೆ ಕಾಲಿಟ್ಟರೆ ಬೈಗುಳ ಖಾತ್ರಿ.

ಮುಟ್ಟು ನಿಂತು ಐದು ವರ್ಷವಾದ ಮೇಲೆ ಆಕೆಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಬಿಡುವುದಾದರೂ ಯಾರೆದುರು? ಮದುವೆಯಾಗಿರಲಿಲ್ಲ. ಅಣ್ಣ ಹೋದ ಮೇಲೆ ಅತ್ತಿಗೆ ಫೋನು ಮಾಡುವುದನ್ನೂ ಬಿಟ್ಟಿದ್ದಳು. ಕಡೆಗೆ ಗರ್ಭಕೋಶದ ಒಳಪೊರೆ ಕೆರೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು.

ಜೋಡಿಸಿಡಲು ಆ ಬ್ಲಾಕು ಅವಳ ಮೇಜಿಗೇ ಬಂತು. ನಂಬರಿನ ಸರದಿಯಲ್ಲಿಟ್ಟರೆ ದಿನಾ ಕಣ್ಣಿಗೆ ಬೀಳುತ್ತದಲ್ಲ! ಯಾರೂ ಮುಟ್ಟದ ಹಿಂದಿನ ಸಾಲಿನ ಡ್ರಾಯರಿಗೆ ತುರುಕಿದಳು. ಲ್ಯಾಬಿನಲ್ಲಿ ಹರ್ನಿಯಾ ಎಂದು ಸುಳ್ಳು ಹೇಳಿ ರಜೆ ಹಾಕಿದಳು.

ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಎರಡು ವಾರದ ಮೇಲೆ ಹೊಲಿಗೆ ನೋಡಿದ ಡಾಕ್ಟರಮ್ಮ ಹೇಳಿದರು: "ರೋಗ ಹೊರಗೆ ಹರಡಿಲ್ಲ. ಆದ್ರೆ ಜೀವಕೋಶ ನೋಡೋಕೆ ಕೆಟ್ಟದಾಗಿವೆ. ಮೊದಲಾಗಿದ್ರೆ ಹಿಂದೆಮುಂದೆ ನೋಡದೆ ರೇಡಿಯೇಷನ್ ಕರೆಂಟೂ ಕೊಡ್ತಿದ್ವಿ, ಕೀಮೋನೂ ಕೊಡ್ತಿದ್ವಿ. ಈಗ ಗಡ್ಡೆಯ ಜೀನ್ ಪರೀಕ್ಷೆ ಮಾಡಿಸ್ತೀವಿ. ಕೆಲವಕ್ಕೆ ಎರಡೂ ಬೇಕು, ಕೆಲವಕ್ಕೆ ಏನೂ ಬೇಡ. ತೆಗೆದ ಗರ್ಭಕೋಶದಲ್ಲಿ ಉಳಿದಿದ್ದ ಗಡ್ಡೆ ಪರೀಕ್ಷೆಗೆ ಸಾಲಲ್ಲ, ಮೊದಲು ಕೆರೆದ ಚೂರೇ ಆಗ್ಬೇಕು."

"ಅದು ಸಿಗದಿದ್ರೆ?"

"ಸಿಗದೆ ಎಲ್ಲಿ ಹೋಗುತ್ತೆ? ಇಲ್ಲಾಂದ್ರೆ ಎರಡೂ ಕೊಡೋದೇ. ಕಾಯ್ತಾ ಕೂರೋಕಾಗಲ್ಲ."

ನಾನೇ ಬಚ್ಚಿಟ್ಟೆ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಮನೆಗೆ ಬಂದು ನಾಲ್ಕು ದಿನ ಹೊಟ್ಟೆಗೆ ದಿಂಬು ಒತ್ತಿಕೊಂಡು ಗೋಡೆ ನೋಡುತ್ತ ಬಿದ್ದುಕೊಂಡಳು. ಐದನೆಯ ದಿನ ಲ್ಯಾಬಿನ ಟೆಕ್ನಿಷಿಯನ್ ಫೋನು ಮಾಡಿದ.

"ಅಕ್ಕಾ, ಹರ್ನಿಯಾ ಹೇಗಿದೆ? ಒಂದು ಬ್ಲಾಕ್ ಹುಡುಕಿ ಹುಡುಕಿ ನನ್ನ ಬೆನ್ನು ಬಿದ್ಹೋಯ್ತು. ಡಾಕ್ಟರಮ್ಮ ದಿನಾ ಚಳಿ ಬಿಡಿಸ್ತಿದಾರೆ." ನಂಬರು ಹೇಳಿದ.

"ನಾಳೆ ನಾನೇ ಬಂದು ನೋಡ್ತೀನಿ."

"ಹೊಲಿಗೆ ಇಟ್ಕೊಂಡು ಡ್ರಾಯರ್ ಎಳೀತೀರಾ? ಸುಮ್ನಿರಿ. ಇವತ್ತು ಸಿಗದಿದ್ರೆ ನಾಳೆ ಕರೆಂಟು, ಕೀಮೋ ಎರಡಕ್ಕೂ ಬರೆದುಬಿಡ್ತಾರಂತೆ. ಯಾರೋ ಪಾಪದ ಹೆಂಗಸು. ಅವಳ ಮನೆಯವರು ಬಂದು ಕೊರಳಪಟ್ಟಿ ಹಿಡಿದ್ರೆ ನಾನೇನ್ ಹೇಳ್ಲಿ?"

"ಯಾರೂ ಬರಲ್ಲ ಬಿಡು."

"ನಿಮಗೆ ಹೇಗೆ ಗೊತ್ತು?"

"ಅವಳಿಗೆ ಯಾರೂ ಇಲ್ಲ. ಅದು ನಂದೇ ಕಣೋ. ಹಿಂದಿನ ಸಾಲು, ಕೆಳಗಿನ ಡ್ರಾಯರು, ಎಡಮೂಲೆ."

ಆ ಕಡೆ ಚಪ್ಪಲಿ ಸದ್ದು ಹಿಂದಿನ ಸಾಲಿಗೆ ಓಡಿತು. ತುಕ್ಕು ಹಿಡಿದ ಡ್ರಾಯರು ಕಿರುಗುಟ್ಟಿದ್ದು ಕೇಳಿಸಿತು.

"ಸಿಕ್ತು," ಎಂದ. "ಚೆನ್ನಾಗಿ ಬೈಬೇಕು ಅನ್ಸ್ತಿದೆ ಅಕ್ಕ. ಬೈಯೋಕೂ ಆಗ್ತಿಲ್ಲ."

"ಬೈದುಬಿಡು," ಎಂದಳು. ಅವನು ಬೈಯಲಿಲ್ಲ. ಬ್ಲಾಕು ಕಳಿಸಬೇಕೆಂದು ಫೋನು ಇಟ್ಟ.

ಮೂರು ವಾರಕ್ಕೆ ವರದಿ ಬಂತು. ಡಾಕ್ಟರಮ್ಮನ ಮುಖ ಅರಳಿತ್ತು. "ನೋಡೋಕಷ್ಟೇ ರೌಡಿ, ಒಳಗೆ ಸಾಧು ಇದು. ಕರೆಂಟೂ ಬೇಡ, ಕೀಮೋನೂ ಬೇಡ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದ್ರೆ ಸಾಕು. ಹೊರಗೆ ಮನೆಯವರಿದ್ರೆ ಕರೀರಿ, ಅವರಿಗೂ ಹೇಳ್ತೀನಿ."

"ನಾನೇ ಹೇಳ್ತೀನಿ ಬಿಡಿ."

ಹೊರಗೆ ಬಂದು ಸಾಲುಕುರ್ಚಿಯ ತುದಿಯಲ್ಲಿ ಕೂತಳು. ಫೋನಿನಲ್ಲಿ ಅತ್ತಿಗೆಯ ಹೆಸರಿನ ತನಕ ಹೋಗಿ ನಿಲ್ಲಿಸಿದಳು. ಆಮೇಲೆ ವರದಿ ಬಿಡಿಸಿ ತುಟಿಯಲ್ಲಾಡಿಸುತ್ತ ಮೊದಲಿನಿಂದ ಕೊನೆಯ ತನಕ ಓದಿಕೊಂಡಳು. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು ಇಣುಕಿ ನೋಡಿ, "ಒಳ್ಳೇದಾ?" ಎಂದಳು.

"ಹ್ಞೂಂ, ಒಳ್ಳೇದು. ಏನಾಯ್ತು ಅಂದ್ರೆ..." ಎಂದು ಬ್ಲಾಕಕ್ಕ ಅವಳ ಕಡೆ ತಿರುಗಿದಳು. ಅಷ್ಟರಲ್ಲಿ ನರ್ಸು ಆ ಹೆಂಗಸಿನ ನಂಬರು ಕೂಗಿದಳು.