ಮೂರು ಫ್ರೇಮಿನ ನೆರಳು

ತಂಗಿ ಗೊಂಬೆ ಕುಣಿಸುತ್ತಿದ್ದಳು. ಅಕ್ಕ ಕಂಬಿ ಅಳಿಸುತ್ತಿದ್ದಳು. ಗೊಂಬೆಗಳ ಸಿನಿಮಾ ಮಾಡುವ ಒಂದೇ ಸ್ಟುಡಿಯೋದಲ್ಲಿ ಆರು ವರ್ಷ ಇಬ್ಬರ ಕೆಲಸವೂ ಹೀಗೆಯೇ ನಡೆದಿತ್ತು.

ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು. ಇಂಥ ಹನ್ನೆರಡು ಫ್ರೇಮು ಸೇರಿದರೆ ತೆರೆಯ ಮೇಲೆ ಒಂದು ಸೆಕೆಂಡಿನ ನಡಿಗೆ. ಗೊಂಬೆ ನೆಗೆಯಬೇಕಾದರೆ ಬೆನ್ನಿಗೊಂದು ಕಂಬಿ ಸಿಕ್ಕಿಸಿ ಗಾಳಿಯಲ್ಲಿ ನಿಲ್ಲಿಸಬೇಕು. ಹಿಂದೆ ತೂಗುಬಿಟ್ಟ ಹಸಿರು ಬಟ್ಟೆಯನ್ನು ಕಂಪ್ಯೂಟರು ಹೆಚ್ಚುಕಡಿಮೆ ತಾನೇ ಕಿತ್ತು ಆಕಾಶಕ್ಕೆ ಜಾಗ ಬಿಡುತ್ತಿತ್ತು. ಕಂಬಿ ಮಾತ್ರ ಅಷ್ಟು ಸುಲಭಕ್ಕೆ ಹೋಗದು. ಅಕ್ಕ ಪ್ರತಿ ಫ್ರೇಮಿನಲ್ಲೂ ಗೊಂಬೆಯ ಅಂಚಿನ ಸುತ್ತ ಗೆರೆ ಎಳೆದು, ಗೊಂಬೆಯನ್ನು ಉಳಿಸಿ ಕಂಬಿಯನ್ನು ಅಳಿಸಬೇಕು. ಚೆನ್ನಾಗಿ ಮಾಡಿದರೆ, ಮಾಡಿದ್ದೇ ಯಾರಿಗೂ ತಿಳಿಯದು.

ನೋಡಿದವರೆಲ್ಲ ತಂಗಿಯ ಕೈಯನ್ನೇ ಹೊಗಳುತ್ತಿದ್ದರು. ಅಕ್ಕನೂ ನಗುತ್ತ ತಲೆಯಾಡಿಸುತ್ತಿದ್ದಳು. ಹೊಟ್ಟೆಯೊಳಗೆ ಮಾತ್ರ ಒಲೆ ಉರಿಯುತ್ತಿತ್ತು. ಈ ಉರಿ ಹೊಸದಲ್ಲ. ಚಿಕ್ಕಂದಿನಲ್ಲಿ ತಂಗಿ ಗೋಡೆಯ ಮೇಲೆ ಬಣ್ಣದ ಕಡ್ಡಿಯಿಂದ ಗೀಚಿದರೆ ಅಮ್ಮ ನೆರೆಯವರನ್ನು ಕರೆದು ತೋರಿಸುತ್ತಿದ್ದಳು. ಅವರು ಹೋದ ಮೇಲೆ ಒದ್ದೆ ಬಟ್ಟೆ ಅಕ್ಕನ ಕೈಗೆ ಬರುತ್ತಿತ್ತು, ‘ನೀನು ದೊಡ್ಡವಳಲ್ವಾ’ ಎಂಬ ಮಾತಿನೊಡನೆ.

ಆರನೆಯ ವರ್ಷ ಮುದುಕಿ ಗೊಂಬೆಯೊಂದು ಅಂಗಳದ ಹೊಂಡವನ್ನು ನೆಗೆದು ದಾಟುವ ದೃಶ್ಯ. ತಂಗಿ ನಾಲ್ಕು ದಿನ ಬೆನ್ನು ಬಗ್ಗಿಸಿ ಮುಗಿಸಿದಳು. ಫೋಟೊಗಳೆಲ್ಲ ಅಕ್ಕನ ಬಳಿಗೆ ಬಂದವು. ಖಾಲಿ ಅಂಗಳದ ಫೋಟೊ ಇರಲಿಲ್ಲ. ಗೊಂಬೆಯನ್ನೂ ಕಂಬಿಯನ್ನೂ ತೆಗೆದಿಟ್ಟು, ಅದೇ ಬೆಳಕಿನಲ್ಲಿ ಬರಿಯ ಅಂಗಳವನ್ನು ಒಮ್ಮೆ ಕ್ಲಿಕ್ಕಿಸುವುದು ಅಲ್ಲಿಯವರ ಮೊದಲ ಪಾಠ. ಕಂಬಿ ಅಳಿಸಿದ ಜಾಗಕ್ಕೆ ತೇಪೆ ಹಾಕುವುದು ಅದರಿಂದಲೇ. ತಂಗಿ ಅದನ್ನೇ ಮರೆತಿದ್ದಳು. ಅಂಗಳದ ಸೆಟ್ಟನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿಯೂ ಆಗಿತ್ತು.

ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಿರ್ದೇಶಕರ ಕೋಣೆಯ ಬಾಗಿಲವರೆಗೂ ಹೋದಳು. ತಾನೇ ಹೇಳಿದರೆ ಅದು ಚಾಡಿಯಾಗುತ್ತದೆ, ಹೊಟ್ಟೆಕಿಚ್ಚಿನವಳೆಂಬ ಹೆಸರು ತನಗೇ ಅಂಟುತ್ತದೆ ಎನ್ನಿಸಿ ಹಿಂದಿರುಗಿದಳು. ಒಂದು ಫ್ರೇಮಿನಲ್ಲಿ ಕಂಬಿ ಮರೆಮಾಡಿದ ನೆಲ ಇನ್ನೊಂದರಲ್ಲಿ ಕಾಣುತ್ತಿತ್ತು. ಅಲ್ಲಿಂದ ಒಂದು ಕಲ್ಲು, ಇಲ್ಲಿಂದ ಒಂದು ಬಿರುಕು ಹೆಕ್ಕಿ ತಂದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದು ವಾರ ತೇಪೆ ಹಾಕಿದಳು. ಕೊನೆಯ ಮೂರು ಫ್ರೇಮುಗಳಲ್ಲಿ ಕಂಬಿಯ ತೆಳ್ಳನೆಯ ನೆರಳನ್ನು, ಯಾರಾದರೂ ಕಂಡು ಕೇಳಲೆಂದು, ಬೇಕೆಂದೇ ಉಳಿಸಿದಳು.

ಎಲ್ಲರೂ ಕೂತು ನೋಡಿದ ಮಧ್ಯಾಹ್ನ ಚಪ್ಪಾಳೆ ತಂಗಿಗೆ ಬಿತ್ತು. ಕಾಲು ಸೆಕೆಂಡಿನ ನೆರಳು ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ. ಆ ಕಂಬಿಯನ್ನು ನಾಲ್ಕು ದಿನ ಹಿಡಿದಿದ್ದ ತಂಗಿ ಮಾತ್ರ ಮೆಲ್ಲನೆ ಅಕ್ಕನ ಪಕ್ಕಕ್ಕೆ ಬಂದು ಕೂತಳು.

“ಆ ನೆರಳು ಬೇಕು ಅಂತ್ಲೇ ಬಿಟ್ಟಿದ್ದೀಯ.”

“ಹೌದು. ಖಾಲಿ ಫೋಟೊ ಎಲ್ಲಿ?”

ತಂಗಿಯ ಮುಖ ಸುಣ್ಣ ಬಳಿದಂತಾಯಿತು. “ಅಯ್ಯೋ, ತೆಗೆದೇ ಇಲ್ಲ. ಮತ್ತೆ ಹೇಗೆ ಮಾಡ್ದೆ?”

“ಚಿಕ್ಕವಳಿದ್ದಾಗಿಂದ ನಿನ್ನ ಗೋಡೆ ಒರೆಸಿಲ್ವಾ, ಅದೇ ಅಭ್ಯಾಸ. ನೆರಳು ಹೋಗಬೇಕು ಅಂದ್ರೆ ನಿರ್ದೇಶಕರಿಗೆ ನೀನೇ ಹೋಗಿ ಹೇಳು.”

ತಂಗಿ ಎದ್ದುಹೋಗಿ ಎಲ್ಲರ ಎದುರೇ ಹೇಳಿಬಿಟ್ಟಳು. ತಾನು ಮರೆತದ್ದು, ಅಕ್ಕ ಒಂದು ವಾರ ಕೂತು ಮುಚ್ಚಿದ್ದು, ಒಂದನ್ನೂ ಬಿಡಲಿಲ್ಲ. ಅಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಇಷ್ಟು ಹೊಗಳಿಸಿಕೊಂಡ ಮೇಲೂ ತಪ್ಪನ್ನು ತಾನಾಗಿ ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಎಷ್ಟು ಜನಕ್ಕಿದೆ ಎಂದರು. ಎರಡನೆಯ ಚಪ್ಪಾಳೆಯೂ ತಂಗಿಗೇ ಬಿತ್ತು, ಮೊದಲಿನದಕ್ಕಿಂತ ಜೋರಾಗಿ. ಆಮೇಲೆ ಅವರು ಅಕ್ಕನತ್ತ ತಿರುಗಿ, ನೆರಳೇನೋ ಉಳಿದಿದೆಯಂತೆ, ಸ್ವಲ್ಪ ನೋಡಮ್ಮ ಎಂದರು.

ಅಕ್ಕ ತನ್ನ ಮೇಜಿಗೆ ಹೋಗಿ ಮೂರು ಫ್ರೇಮುಗಳನ್ನೂ ತೆರೆದಳು. ತಂಗಿ ಹಿಂದೆಯೇ ಕುರ್ಚಿ ಎಳೆದುಕೊಂಡು ಬಂದು ಕೂತು, ಈ ತೇಪೆ ಹಾಕುವ ಕೆಲಸವನ್ನು ತನಗೂ ಕಲಿಸಿಕೊಡೆಂದಳು.

ಅಕ್ಕ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಬೇಡ ಕಣೇ. ಇದೊಂದಾದ್ರೂ ನನಗಿರಲಿ.”