ಅಂಜಿದ್ದು ಅವಳಲ್ಲ, ನಾನು

ಎರಡು ತಿಂಗಳ ಹಿಂದೆ ನನ್ನ ಅತ್ಯಂತ ಜಾಣ ವಿದ್ಯಾರ್ಥಿನಿಗೆ ನಾನು ಸುಳ್ಳು ಹೇಳಿದೆ. ಅದೂ ನನ್ನ ಹೆಂಡತಿಯ ಹೆಸರಿನಲ್ಲಿ.

ಮೊದಲು ವಿದ್ಯಾರ್ಥಿನಿಯ ವಿಷಯ. ಹೆಸರು ಶರಣಮ್ಮ. ಸುರಪುರದ ಹತ್ತಿರದ ಹಳ್ಳಿಯವಳು, ಮನೆಯವರು ಕುರಿ ಸಾಕುತ್ತಾರೆ. ಶಹಾಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳುತ್ತಿದ್ದಾಗ ಮೊದಲ ಬೆಂಚಿನಲ್ಲಿ ಕೂತು ನನ್ನ ತಪ್ಪು ಹಿಡಿಯುತ್ತಿದ್ದಳು. (ಹಿಡಿದದ್ದೆಲ್ಲ ಸರಿಯೇ ಇರುತ್ತಿತ್ತು.) ಈಗ ಹೈದರಾಬಾದಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ.

ಏನು ಸಂಶೋಧನೆ? ಅವಳೇ ನನಗೆ ತಿಳಿಸಿದ್ದು ಹೀಗೆ: "ಸರ್, ಬಾವಿ ದಂಡಿ ಮ್ಯಾಲ ನಿಂತು ಕೆಳಗ ಕೊಡ ಬಿಡ್ತೀವಲ್ರಿ. ಕೊಡ ನೀರಿಗೆ ಎಷ್ಟು ಹತ್ರ ಹೋಗ್ಯದ ಅಂತ ಮ್ಯಾಲಿಂದ ನೋಡಿದ್ರ ತಿಳೀತದೇನ್ರಿ? ಕಣ್ಣಿನ ಆಪರೇಷನ್‌ದಾಗ ಡಾಕ್ಟರ್‌ಗೂ ಹಂಗೇ ಆಗ್ತದ. ಚಿಮಟ ಕಣ್ಣಿನ ಹಿಂದಿನ ಪದರಕ್ಕ, ಅಂದ್ರ ರೆಟಿನಾಕ್ಕ, ಎಷ್ಟು ಹತ್ರ ಅದ ಅಂತ ಸರಿಯಾಗಿ ಕಾಣಂಗಿಲ್ಲ. ನಾ ಅದನ್ನ ಬಾಜೂದಿಂದ ತೋರಸ್ತೀನಿ."

ಅಂದರೆ ಬೆಳಕನ್ನು ಕಣ್ಣೊಳಗೆ ಬಿಟ್ಟು, ಅದು ಮರಳಿ ಬರುವುದನ್ನು ಹಿಡಿದು, ಪದರ ಪದರವಾಗಿ ಚಿತ್ರ ಮಾಡುವುದು. ಆಪರೇಷನ್ ನಡೆಯುವಾಗಲೇ ಡಾಕ್ಟರ ಮುಂದಿನ ಪರದೆಯ ಮೇಲೆ ಆ ಚಿತ್ರ ಓಡುತ್ತಿರುತ್ತದೆ. ವರ್ಷಗಟ್ಟಲೆ ಅವಳು ಇದನ್ನು ಕುರಿಯ ಕಣ್ಣುಗಳ ಮೇಲೆ ಪರೀಕ್ಷಿಸಿದಳು. ಊರಿಗೆ ಬಂದಾಗ ಮಟನ್ ಅಂಗಡಿಯಿಂದ ಕಣ್ಣು ತೆಗೆದುಕೊಂಡು, ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಬಸ್ಸು ಹತ್ತುತ್ತಿದ್ದಳು. ಒಮ್ಮೆ ಕಂಡಕ್ಟರ್, "ಡಬ್ಬ್ಯಾಗ ಏನದವ್ವಾ?" ಅಂದನಂತೆ. "ಕಣ್ಣು" ಅಂದಳಂತೆ. ಅವನು ಟಿಕೆಟ್ ಹರಿದುಕೊಟ್ಟು ಬೇರೆ ಮಾತಾಡದೆ ಮುಂದೆ ಹೋದನಂತೆ.

ಈ ಕಥೆಯನ್ನು ಶಹಾಪುರದ ಪ್ರತಿ ಚಹಾದಂಗಡಿಯಲ್ಲೂ ಹೇಳಿ ಹೆಮ್ಮೆಪಟ್ಟವನು ನಾನು.

ಇನ್ನು ನನ್ನ ಹೆಂಡತಿ ಗಿರಿಜಾ. ಹಳೆ ಬಟ್ಟೆಯ ತುಂಡುಗಳಿಂದ ಕೌದಿ ಹೊಲಿಯುವುದರಲ್ಲಿ ನಮ್ಮ ಓಣಿಯಲ್ಲೇ ಅವಳನ್ನು ಮೀರಿಸುವವರಿಲ್ಲ. ಹೋದ ವರ್ಷ ಒಂದು ದಿನ ಸೂಜಿ ಕೆಳಗಿಟ್ಟು, "ನಾ ನೆಟ್ಟಗ ಹೊಲದೀನಿ. ಹೊಲಿಗಿ ಸೊಟ್ಟ ಕಾಣ್ತದ" ಅಂದಳು. ಎಡಗಣ್ಣು ಮುಚ್ಚಿ ನೋಡಿದರೆ ಬಾಗಿಲ ಚೌಕಟ್ಟೂ ಬಾಗುತ್ತಿತ್ತು. ಬಲಗಣ್ಣಿನ ರೆಟಿನಾ ಮೇಲೆ ತೆಳ್ಳನೆಯ ಪೊರೆ ಬೆಳೆದಿದೆ, ಆಪರೇಷನ್ ಮಾಡಿ ಅದನ್ನು ಸುಲಿದು ತೆಗೆಯಬೇಕು ಎಂದರು ಹೈದರಾಬಾದಿನ ಡಾಕ್ಟರು.

ಅದಾದ ಮೇಲೆ ಶರಣಮ್ಮನ ಫೋನು ಬಂತು. "ಸರ್, ಮನುಷ್ಯರಿಗೆ ಬಳಸಿ ನೋಡಾಕ ಪರ್ಮಿಷನ್ ಸಿಕ್ಕದರಿ. ಅಮ್ಮಾರ ರಿಪೋರ್ಟ್ ಕಳಿಸಿದ್ರಲ್ಲ, ಅವರಿಗೆ ಹೊಂದತದ. ಆಪರೇಷನ್ ಅದೇ, ಡಾಕ್ಟರೂ ಅವರೇ. ನನ್ನ ಚಿತ್ರ ಒಂದು ಹೆಚ್ಚಿಗಿ. ಒಮ್ಮೆ ಕೇಳಿ ನೋಡ್ರಿ. ಬ್ಯಾಡಂದ್ರ ಬ್ಯಾಡ."

"ನಿನ್ನ ಯಂತ್ರದ ಕೆಳಗ ಮೊದಲು ಮಲಗಾವ್ರು ಯಾರು?"

"ಒಪ್ಪಿದ್ರ ಅಮ್ಮಾರೇ ಮೊದಲರಿ."

ನನ್ನ ಅವ್ವನಿಗೂ ಹಿಂದೆ ಕಣ್ಣಿನ ಆಪರೇಷನ್ ಆಗಿತ್ತು. ಪಟ್ಟಿ ಬಿಚ್ಚಿದಾಗ ಕಣ್ಣು ಹೋಗಿತ್ತು. ಯಾಕೆ ಹೋಯಿತು ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಡಾಕ್ಟರನ್ನು ಪ್ರಶ್ನೆ ಕೇಳುವ ರೂಢಿ ನಮಗೆಲ್ಲಿತ್ತು?

ಮರುದಿನ ಶರಣಮ್ಮನಿಗೆ ಹೇಳಿದೆ: "ಕೇಳಿದೆನವ್ವಾ. ಆಕಿ ಭಾಳ ಅಂಜಾಕತ್ತಾಳ."

ಗಿರಿಜಾಳನ್ನು ನಾನು ಕೇಳಿಯೇ ಇರಲಿಲ್ಲ.

ಮೂರೇ ದಿನ ಆ ಸುಳ್ಳಿನ ಆಯುಷ್ಯ. ಅಮ್ಮಾರು ಅಂಜಿದ್ದಾರಲ್ಲ, ಧೈರ್ಯ ಹೇಳೋಣ ಅಂತ ಶರಣಮ್ಮ ನೇರವಾಗಿ ಅವಳಿಗೇ ಫೋನ್ ಮಾಡಿದಳು. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. ಅಡುಗೆಮನೆಯಿಂದ ಗಿರಿಜಾಳ ದನಿ ಕೇಳಿಸಿತು: "ಯಾರು ಅಂಜ್ಯಾರ? ಯಾವ ಮಷೀನ್? ನನಗ್ಯಾರೂ ಏನೂ ಕೇಳಿಲ್ಲಲ್ಲವ್ವಾ."

ಪೇಪರ್ ಮುಖಕ್ಕೆ ಹಿಡಿದೆ. ಅವಳು ಬಂದು ಅದನ್ನು ಮೆಲ್ಲಗೆ ಕೆಳಗಿಳಿಸಿದಳು.

"ಕಣ್ಣು ನಂದು, ಅಂಜಿಕಿ ನಿಮ್ಮದು. ಎರಡೂ ಕೂಡಸಬ್ಯಾಡ್ರಿ."

ಹೊಸದು ಬೇಕು ಅಂತ ಭಾಷಣ ಮಾಡುತ್ತೇವೆ, ನಮ್ಮ ಹುಡುಗಿ ಕಂಡುಹಿಡಿದಳು ಅಂತ ಎದೆಯುಬ್ಬಿಸುತ್ತೇವೆ. ಆದರೆ ಮೊದಲು ಬೇರೆಯವರ ಮನೆಯವರು ಮಲಗಲಿ, ಪಾಸಾದ ಮೇಲೆ ನಾವು. ಹಾಗಾದರೆ ಆ ಬೇರೆಯವರು ಯಾರು? ಅವರಿಗೆ ಗಂಡ ಇರುವುದಿಲ್ಲವೇ?

ಗಿರಿಜಾ ತಾನೇ ಶರಣಮ್ಮನಿಗೆ ಹೂಂ ಅಂದಳು. ಯಾದಗಿರಿಯಿಂದ ರೈಲು ಹತ್ತಿದೆವು. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಕೊಟ್ಟರು, ಕನ್ನಡದಲ್ಲೇ ಇತ್ತು. ನಾನೇ ಗಟ್ಟಿಯಾಗಿ ಓದಿ ಹೇಳಿದೆ. ‘ದೃಷ್ಟಿ ಕಡಿಮೆಯಾಗುವ ಅಥವಾ ಪೂರ್ತಿ ಹೋಗುವ ಸಾಧ್ಯತೆ ಇದೆ’ ಎಂಬ ಸಾಲನ್ನು ಎರಡು ಸಲ ಓದಿದೆ. (ಹೌದು, ಬೇಕೆಂದೇ.) ಗಿರಿಜಾ, "ಒಮ್ಮೆ ಕೇಳೀನಿ" ಅಂದು ಪೆನ್ನು ಕಿತ್ತುಕೊಂಡು ಸಹಿ ಮಾಡಿದಳು.

ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಕಬ್ಬಿಣದ ಕುರ್ಚಿಯಲ್ಲಿ. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಅವಳಿಗೆ ಪೂರ್ತಿ ಅರಿವಳಿಕೆ ಕೊಡುವುದಿಲ್ಲ, ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ ಎಂದು ಗೊತ್ತಿತ್ತು. ಎಚ್ಚರದಲ್ಲೇ ಮಲಗಿದ್ದಾಳೆ. ಕೆಮ್ಮಿದರೆ? ತಲೆ ಅಲುಗಿದರೆ? ಅವಳು ಬಿಚ್ಚಿಕೊಟ್ಟಿದ್ದ ಬಳೆಗಳನ್ನು ಮತ್ತೆ ಮತ್ತೆ ಎಣಿಸಿದೆ. ಪಕ್ಕದವರೊಬ್ಬರು ಊರು ಯಾವುದು ಅಂತ ಕೇಳಿದರು. ನನ್ನ ಊರಿನ ಹೆಸರು ತಕ್ಷಣ ನೆನಪಾಗಲಿಲ್ಲ.

ಬಾಗಿಲು ತೆರೆದು ಶರಣಮ್ಮ ಹೊರಗೆ ಬಂದಳು. ಮಾಸ್ಕ್ ಇಳಿಸಿದಾಗ ಮುಖ ಬಿಳಚಿಕೊಂಡಿತ್ತು.

"ಮುಗೀತ್ರಿ ಸರ್. ಪೊರಿ ಪೂರಾ ಕಿತ್ತು ಬಂದದ. ಆದ್ರ ನಿಮಗ ಒಂದು ಮಾತು ಹೇಳಬೇಕು."

"ಏನಾತು?"

"ಸುರೂದಾಗ ಚಿಮಟ ಅಂದ್ಕೊಂಡದ್ದಕ್ಕಿಂತ ಹತ್ರ ಹೋಗಿತ್ತು. ಚಿತ್ರ ನೋಡಿ ಡಾಕ್ಟರ್ ಕೈ ತಡದ್ರು. ಅದು ಛಲೋನೇ ಆತು. ಆಮ್ಯಾಲ ಪೊರಿ ಸುಲಿಯೋ ಹೊತ್ತಿಗೆ ಚಿತ್ರ ನಿಂತು ಬಿಡ್ತು. ಸ್ವಲ್ಪೇ ಹೊತ್ತು. ಡಾಕ್ಟರ್ ಚಿಮಟ ಮ್ಯಾಲೆತ್ತಿ ಕಾದ್ರು. ಚಿತ್ರ ಬಂದ ಮ್ಯಾಲೆ ಮುಂದವರಸಿದ್ರು. ಯಾಕ ನಿಂತು ಅಂತ ನನಗಿನ್ನೂ ಗೊತ್ತಿಲ್ಲರಿ."

"ಇದನ್ನ ನನಗ ಹೇಳಲೇಬೇಕಿತ್ತೇನು?"

"ಹೇಳಬೇಕ್ರಿ. ಅಮ್ಮಾರಿಗೂ ಹೇಳ್ತೀನಿ. ಬರದೂ ಇಡ್ತೀನಿ." ಅವಳು ಮಾಸ್ಕ್ ಕಳಚಿ ಮಡಿಸಿದಳು. "ಸರ್, ನನಗ ಭಾಳ ಅಂಜಿಕಿ ಆಗಿತ್ರಿ."

ನಾನು ಅವಳಿಗೆ ಸುಳ್ಳು ಹೇಳಿದ್ದವನು. ಅವಳು ನನ್ನಿಂದ ಮುಚ್ಚಿಡಬಹುದಾಗಿದ್ದ ಒಂದೇ ಒಂದು ಸಂಗತಿಯನ್ನೂ ಮುಚ್ಚಿಡಲಿಲ್ಲ. ಅವತ್ತು ಅವಳ ಮುಖ ನೋಡುವುದು ನನಗೆ ಕಷ್ಟವಾಯಿತು.

ಪಟ್ಟಿ ಬಿಚ್ಚಿದ ದಿನ ಗಿರಿಜಾ, "ಎಲ್ಲಾ ಮಸುಕು ಮಸುಕು" ಅಂದಳು. ಮಸುಕು ಹೋಗಲು ಎರಡು ವಾರ ಹಿಡಿಯಿತು. ಈಗ ಬಾಗಿಲು ಹೆಚ್ಚುಕಡಿಮೆ ನೆಟ್ಟಗಾಗಿದೆ, ಮೇಲಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ಬಾಗು ಇದೆಯಂತೆ. ಕಾಲ ಹಿಡಿಯುತ್ತದೆ ಎಂದಿದ್ದಾರೆ. ಚಿತ್ರ ನಿಂತಿದ್ದು ಒಂದು ವೈರ್ ಸಡಿಲಾಗಿದ್ದರಿಂದ ಎಂದು ಶರಣಮ್ಮ ಪತ್ತೆ ಹಚ್ಚಿದ್ದಾಳೆ. ನಾನು ಮಾತ್ರ ದಿನಾ ಬೆಳಿಗ್ಗೆ ಗಿರಿಜಾಳ ಮುಂದೆ ಬೆರಳು ಹಿಡಿದು ಎಷ್ಟು ಅಂತ ಕೇಳುತ್ತೇನೆ. ಬೈಸಿಕೊಳ್ಳುತ್ತೇನೆ.

ಮೊನ್ನೆ ಶಿರವಾಳದಿಂದ ಒಬ್ಬರು ಫೋನ್ ಮಾಡಿದ್ದರು. ಅವರ ಹೆಂಡತಿಗೂ ಅದೇ ಪೊರೆ, ಅದೇ ಡಾಕ್ಟರು, ಶರಣಮ್ಮನದೇ ಯಂತ್ರ. ಬಾವಿ, ಕೊಡ, ಚಿಮಟ, ನಿಂತುಹೋದ ಚಿತ್ರ, ಎಲ್ಲವನ್ನೂ ಹೇಳಿದೆ. ಅವರು ಕೊನೆಗೆ ಸಣ್ಣ ದನಿಯಲ್ಲಿ ಕೇಳಿದರು: "ಅಂಜೂವಂಥಾದ್ದೇನಿಲ್ಲಲ್ರಿ, ಸರ್?"

"ಅಂಜೂವಂಥಾದ್ದು ಅದರಿ," ಎಂದೆ. "ಆದ್ರೂ ಹೋಗ್ರಿ."